ಬೌಲ್ ಪಂಚಾಯ್ತಿಯಲ್ಲಿ ಬಾಯಿ ಬಿಟ್ಟೆ

ರೀ,

ಈ ವರ್ಷದ ಬೌಲ್ ಪಂಚಾಯ್ತಿ ನಮ್ಮ ಮನೆಯ ಬೇಸ್‌ಮೆಂಟಿನಲ್ಲೇ ನಡೆಯಿತು. ನೀವಿಲ್ಲದೆ ನಡೆಯಿತು ಎಂದು ಬರೆಯಲು ಕೂತೆ. ಆದರೆ ಅದು ಪೂರ್ತಿ ನಿಜವಲ್ಲ, ಅವತ್ತು ಇಡೀ ಮಧ್ಯಾಹ್ನ ಮಾತೆಲ್ಲ ನಿಮ್ಮ ಸುತ್ತಲೇ ತಿರುಗಿತು. ನಿಮಗೆ ಹೇಳಬೇಕಾದದ್ದು ಬಹಳ ಇದೆ. ಅದರಲ್ಲಿ ಕೆಲವು ಹಿಡಿಸಲಿಕ್ಕಿಲ್ಲ. ಹುಬ್ಬು ಗಂಟಿಕ್ಕಿ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತೀರಿ, ಗೊತ್ತು. ಇಟ್ಟರೆ ಇಡಿ. ನಾನು ಹೇಳಿಯೇ ಹೇಳುತ್ತೇನೆ.

ಮದುವೆಯಾಗಿ ಈ ದೇಶಕ್ಕೆ ಬಂದ ಮೊದಲ ಡಿಸೆಂಬರ್ ನೆನಪಿದೆಯೇ? ನೀವು ಓದಿದ ಯೂನಿವರ್ಸಿಟಿಯ ಫುಟ್‌ಬಾಲ್ ಟೀಮು ಫ್ಲಾರಿಡಾಕ್ಕೆ ಬೌಲ್ ಆಡಲು ಹೋಗಿತ್ತು. ನೀವು ಬೆಳಗಿನಿಂದ ಟೀಮಿನ ಟೋಪಿ ಹಾಕಿಕೊಂಡೇ ಓಡಾಡುತ್ತಿದ್ದಿರಿ. "ಬೌಲ್ ಅಂದರೆ ಏನ್ರೀ, ಬಟ್ಟಲಾ?" ಎಂದು ಕೇಳಿದ್ದೆ. ನಗಲಿಲ್ಲ ನೀವು. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಿರಿ: "ಹನ್ನೆರಡು ಆಟದಾಗ ಆರು ಗೆದ್ರ ವರ್ಷದ ಕೊನೀಗೆ ಒಂದು ದೊಡ್ಡ ಆಟ ಸಿಗತದ. ಅದ ಬೌಲ್. ಪ್ರಸಾದ ಇದ್ದಂಗ. ನಾಲ್ಕು ಸಲದಾಗ ಹತ್ತು ಗಜ ಮುಂದ ಹೋಗಬೇಕು. ಚೆಂಡು ಹಿಡಕೊಂಡು ಓಡು, ಇಲ್ಲಾ ಎಸಿ. ಇಷ್ಟ ನೋಡು ಆಟ." ಇಷ್ಟೇ ಆದರೆ ಅವರು ಅಷ್ಟು ಹೊತ್ತು ಯಾಕೆ ಸುಮ್ಮನೆ ನಿಂತಿರುತ್ತಾರೆ ಎಂದು ನಾನು ಕೇಳಿದೆ. "ನಿಂತಾಗ ವಿಚಾರ ಮಾಡ್ತಾರ," ಎಂದಿರಿ. ಅವತ್ತಿನಿಂದ ನಾನು ನೋಡಿದ್ದು ಅದನ್ನೇ, ಅವರು ನಿಂತಿರುವುದನ್ನು, ಆಟದ ನಡುವೆ ನಡೆಯುವುದನ್ನು. ಹಗಲೆಲ್ಲ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುವವಳಿಗೆ ಬೇರೇನು ಕಾಣಿಸಬೇಕು? ಮಂಡಿ, ಸೊಂಟ, ಹಿಮ್ಮಡಿ. ನೀವು ಚೆಂಡು ನೋಡುತ್ತಿದ್ದಿರಿ, ನಾನು ಕಾಲು ನೋಡುತ್ತಿದ್ದೆ.

ವಿರೂಪಾಕ್ಷಣ್ಣ ಮೊದಲ ಸಲ ಆಬರ್ನ್ ಹಿಲ್ಸ್‌ನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ನಮ್ಮೂರು ವುಡ್‌ರಿಡ್ಜ್‌ಗೆ ಬಂದಾಗ, ಇದು ಪ್ರತಿವರ್ಷದ ಪದ್ಧತಿಯಾಗುತ್ತದೆ ಎಂದು ಯಾರು ಅಂದುಕೊಂಡಿದ್ದರು? ಅವರು ನಿಮ್ಮ ಓದಿನ ದಿನಗಳ ರೂಮ್‌ಮೇಟು. ಕಾರು ಕಂಪನಿಯ ಗೇರುಗಳಲ್ಲಿ ಮುಳುಗಿದ ಮನುಷ್ಯ. ಆಮೇಲೆ ಎಲ್ಕ್ ಗ್ರೋವ್‌ನ ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವ ಮೈಸೂರಿನ ಮಹೇಶ ಸೇರಿಕೊಂಡ. ನಿಮಗಿಂತ ಹದಿನೈದು ವರ್ಷ ಚಿಕ್ಕವನಾದರೂ ಅವನೂ ಅದೇ ಯೂನಿವರ್ಸಿಟಿಯವನು. ಅಷ್ಟು ಸಾಕಾಗಿತ್ತು ನಿಮಗೆ. ನಮ್ಮ ಟೀಮಿಗೆ ಬೌಲ್ ಸಿಕ್ಕ ವರ್ಷ, ಆಟಕ್ಕೆ ಮುಂಚಿನ ಶನಿವಾರ, ನೀವು ಮೂವರೂ ಬೇಸ್‌ಮೆಂಟಿನಲ್ಲಿ ಹಳೆಯ ಆಟಗಳ ತುಣುಕು ಹಾಕಿಕೊಂಡು ನಮ್ಮವರು ಹೇಗೆ ಮುನ್ನುಗ್ಗಬೇಕು, ಓಡಬೇಕೋ ಎಸೆಯಬೇಕೋ ಎಂದು ಕೋರ್ಟಿನ ಹಾಗೆ ವಾದ ಮಾಡುತ್ತಿದ್ದಿರಿ. ಬೌಲ್ ಪಂಚಾಯ್ತಿ ಎಂದು ಹೆಸರಿಟ್ಟವರು ವಿರೂಪಾಕ್ಷಣ್ಣನ ಹೆಂಡತಿ ಸುನಂದಕ್ಕ. ನಾನೂ ಅವರೂ ಮೇಲೆ ಅಡುಗೆಮನೆಯಲ್ಲಿ ಮಿರ್ಚಿ ಭಜಿ ಕರಿಯುತ್ತ, ಗಿರ್ಮಿಟ್ ಕಲಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆವು. ಕೇಳಿಸದೆ ಇರಲು ನಿಮ್ಮ ಗಂಟಲುಗಳೇನು ಸಣ್ಣವೇ?

ನಿಮ್ಮ ಕೆಲಸ ಹೋದ ವರ್ಷ ಅದು ಶುರುವಾಯಿತು. ಏಳು ತಿಂಗಳು ಮನೆಯಲ್ಲಿದ್ದಿರಿ. ಅಪ್ಲೈ ಮಾಡಿದ ಕಡೆಯಿಂದೆಲ್ಲ ಒಂದೇ ಬಗೆಯ ಉತ್ತರ ಬರುತ್ತಿತ್ತು. ಫೋನು ಬಂದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಿರಿ. ಆ ಡಿಸೆಂಬರಿನ ಪಂಚಾಯ್ತಿಯಲ್ಲಿ ನಿಮ್ಮ ಧ್ವನಿಯೇ ಕೇಳಿಸಲಿಲ್ಲ. ವಿರೂಪಾಕ್ಷಣ್ಣ, ಮಹೇಶ ಇಬ್ಬರದೇ. ನೀವು ಮೇಲೆ ಬಂದು ನೀರು ಕುಡಿದಿರಿ. ಲೋಟ ಇಟ್ಟರೂ ಅಲ್ಲೇ ನಿಂತಿರಿ. "ಶೈಲಾ, ನಿನಗೇನ ಅನಸ್ತದ?" ಎಂದು ಮೆತ್ತಗೆ ಕೇಳಿದಿರಿ. ಎದುರು ಟೀಮಿನ ತೊಂಬತ್ತೆರಡನೇ ನಂಬರಿನ ದೊಡ್ಡ ಆಳಿನ ಬಗ್ಗೆ ಹೇಳಿದೆ. ಎಲ್ಲರೂ ಅವನನ್ನು ತಪ್ಪಿಸಿ ಓಡುತ್ತಾರೆ, ಆದರೆ ಅರ್ಧ ಆಟ ಮುಗಿದ ಮೇಲೆ ಅವನು ಬಲ ಸೊಂಟ ಹಿಡಿದುಕೊಂಡೇ ನಿಲ್ಲುತ್ತಾನೆ, ಆಮೇಲೆ ಅವನ ಮೇಲೆಯೇ ಓಡಬೇಕು ಎಂದೆ. ನೀವು ಕೆಳಗೆ ಹೋಗಿ ಅದನ್ನೇ ಹೇಳಿದಿರಿ. ಇಬ್ಬರೂ ನಕ್ಕರು. ನಾಲ್ಕು ದಿನ ಬಿಟ್ಟು ಬೌಲ್ ಆಟದಲ್ಲಿ, ಅರ್ಧ ಮುಗಿದ ಮೇಲೆ, ನಮ್ಮವರು ಅವನ ಮೇಲೆಯೇ ಓಡಿ, ಚೆಂಡನ್ನು ಕೊನೆಯ ಗೆರೆ ದಾಟಿಸಿ, ಎರಡು ಟಚ್‌ಡೌನ್ ಹೊಡೆದರು. ಮಹೇಶ ಫೋನಿನಲ್ಲಿ ಕೂಗಿದ್ದು ನಾನಿದ್ದಲ್ಲಿಗೂ ಕೇಳಿಸಿತು: "ಗುರುಗಳೇ! ಗುರುಗಳೇ ನೀವು!" ನಿಮ್ಮ ಮುಖ ಆ ಹೊತ್ತು ಹೇಗಿತ್ತು, ನಿಮಗೆ ಗೊತ್ತೇ? ಏಳು ತಿಂಗಳಿಂದ ನಾನು ನೋಡದೇ ಇದ್ದ ಮುಖ. ಆ ಮುಖಕ್ಕಾಗಿ ನಾನು ಏನನ್ನು ಬೇಕಾದರೂ ಕೊಡುತ್ತಿದ್ದೆ. ಕೊಟ್ಟೆ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆದರೆ ಮರುವರ್ಷ ನಿಮಗೆ ಒಳ್ಳೆಯ ಕೆಲಸ ಸಿಕ್ಕಿತ್ತಲ್ಲ? ಆಗಲೂ ನೀವು ನೀರು ಕುಡಿಯಲು ಮೇಲೆ ಬಂದಿರಿ. ಅದರ ಮರುವರ್ಷವೂ. ಆಮೇಲೆ ಅದು ನಮ್ಮಿಬ್ಬರ ನಡುವಿನ ತಮಾಷೆಯಾಯಿತು. ತಮಾಷೆ ಎಂದೇ ನಾನೂ ಅಂದುಕೊಂಡಿದ್ದೆ. ಒಂದು ವರ್ಷ ಕೆಳಗೆ ಚಟ್ನಿ ಕೊಡಲು ಬಂದಾಗ ವಿರೂಪಾಕ್ಷಣ್ಣ ಎದ್ದು ನಿಂತು, "ಈ ಮನುಷ್ಯಾನ ತಲೀ ಏನ್ ತಲೀ ಮಾರಾಯಾ! ಟೀಮಿನವ್ರು ಇವನ್ನ ಕೆಲಸಕ್ಕ ಇಟ್ಕೋಬೇಕು," ಎಂದು ನಿಮ್ಮ ಬೆನ್ನು ತಟ್ಟಿದರು. ನೀವು ಮೆಟ್ಟಿಲ ಬಳಿ ನಿಂತಿದ್ದ ನನ್ನನ್ನು ನೋಡಿದಿರಿ. ನಾನು ಕಾದೆ. ಒಂದು ಮಾತು, ಇವಳೂ ಹೇಳಿದಳು ಅಂತ ಅಂದಿದ್ದರೆ… ನೀವು ತಟ್ಟೆಯಿಂದ ಇನ್ನೊಂದು ಭಜಿ ತೆಗೆದುಕೊಂಡಿರಿ. ಸಂಜೆ ಪಾತ್ರೆ ಒರೆಸುವಾಗ ನಾನೇ ಕೇಳಿದೆ, ಹೇಳಬಹುದಿತ್ತಲ್ಲ ಎಂದು. "ಹೇಳಿದ್ರ ನಂಬತಾರೇನ? ಮುಂದಿನ ವರ್ಷ ಹೇಳೋಣ ತಗೋ," ಎಂದಿರಿ. ನಂಬುತ್ತಿರಲಿಲ್ಲವೇ? ಅಥವಾ, ನಂಬಿಬಿಟ್ಟರೆ ಎಂಬ ಹೆದರಿಕೆ ನಿಮಗೆ… ಇರಲಿ. ಅದನ್ನು ಆಗಲೇ ಕೇಳಬೇಕಿತ್ತು.

ನೀವು ಹೋಗಿ ಒಂಬತ್ತು ತಿಂಗಳಾದ ಮೇಲೆ ನಮ್ಮ ಟೀಮಿಗೆ ಮತ್ತೆ ಬೌಲ್ ಸಿಕ್ಕಿತು. ವಿರೂಪಾಕ್ಷಣ್ಣ ಫೋನು ಮಾಡಿದರು. "ಈ ವರ್ಷ ಬ್ಯಾಡ್ರಿ ವೈನಿ. ಪ್ರಭು ಇಲ್ಲದ ಎಲ್ಲಿ ಪಂಚಾಯ್ತಿ?" ಎಂದರು. ನಾನು ಒಪ್ಪಲಿಲ್ಲ. "ಶನಿವಾರ ಹನ್ನೆರಡಕ್ಕೆ ಬನ್ನಿ. ಊಟ ಇಲ್ಲೇ," ಎಂದು ಫೋನಿಟ್ಟೆ. ಬೋಸ್ಟನ್‌ನಿಂದ ನಮ್ಮ ಮಗಳು ಮೇಘಾ, "Amma, are you sure?" ಎಂದು ಮೂರು ಸಲ ಕೇಳಿದಳು. ಹೌದು ಕಣೇ ಎಂದೆ. ನಿಜವಾಗಿ ಹೇಳುತ್ತೇನೆ, ನನಗೆ ನಿಮ್ಮ ನೆನಪಿಗೆ ದೀಪ ಹಚ್ಚಿ ಕೂರುವ ಪಂಚಾಯ್ತಿ ಬೇಕಾಗಿರಲಿಲ್ಲ. ನವೆಂಬರಿನಿಂದ ಹೊಟ್ಟೆಯಲ್ಲಿ ಒಂದು ವಿಷಯ ಇಟ್ಟುಕೊಂಡಿದ್ದೆ. ಅದನ್ನು ಕೇಳಲು ನೀರು ಕುಡಿಯುವ ನೆಪದಲ್ಲಿ ಬರುವವರು ಯಾರೂ ಇರಲಿಲ್ಲ.

ವಿಷಯ ಏನೆಂದರೆ ನಮ್ಮ ಹೊಸ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವ ಈ ಹುಡುಗನನ್ನು ನೀವು ನೋಡಿಲ್ಲ, ನೀವು ಹೋದ ಮೇಲೆ ಬಂದವನು. ಬಲಗೈಯವನು, ಒಳ್ಳೆಯ ತೋಳು. ಸೀಸನ್ನಿನ ಕೊನೆಯ ಎರಡು ಆಟದಲ್ಲಿ ಅವನು ಉದ್ದಕ್ಕೆ ಎಸೆದದ್ದೆಲ್ಲ ಐದಾರು ಗಜ ಮೊದಲೇ ಬಿತ್ತು. ಟಿವಿಯವರು ತೋಳು ದಣಿದಿದೆ ಎಂದರು. ನಾನು ಆಟ ನಿಂತಮೇಲೆ ಅವನು ನಡೆದು ಬರುವುದನ್ನು ನೋಡಿದೆ. ಕ್ಲಿನಿಕ್ಕಿಗೆ ಬರುವವರು ನನ್ನ ಮುಂದೆ ನೆಟ್ಟಗೆ ನಡೆಯುತ್ತಾರೆ. ನೋವು ಕಾಣುವುದು ಅವರು ಪಾರ್ಕಿಂಗ್ ಲಾಟಿನಲ್ಲಿ ತಮ್ಮ ಪಾಡಿಗೆ ಕಾರಿನ ಕಡೆ ಹೋಗುವಾಗ. ಈ ಹುಡುಗನ ಎಡಗಾಲಿನ ಹಿಮ್ಮಡಿ ನೆಲಕ್ಕೆ ಊರುತ್ತಿರಲಿಲ್ಲ. ಬಲಗೈಯಲ್ಲಿ ಉದ್ದಕ್ಕೆ ಎಸೆಯಬೇಕಾದರೆ ಎಡಗಾಲು ಮುಂದಿಟ್ಟು ಇಡೀ ಮೈಭಾರ ಅದರ ಮೇಲೆ ಹಾಕಬೇಕಲ್ಲ? ಅವನಿಗೆ ಆಗುತ್ತಿರಲಿಲ್ಲ. ಆ ಕಣಕಾಲು ಉಳುಕಿತ್ತು. ತೋಳಿನ ತಪ್ಪೇನೂ ಇರಲಿಲ್ಲ.

ಶನಿವಾರ ಎಲ್ಲರೂ ಬಂದರು. ದಾರಿಯಲ್ಲಿ ಸರೋವರದ ದಂಡೆಯುದ್ದಕ್ಕೂ ಹಿಮ ಬಿದ್ದು ವಿರೂಪಾಕ್ಷಣ್ಣ, ಸುನಂದಕ್ಕ ಮನೆ ಮುಟ್ಟಿದ್ದು ಒಂದೂವರೆಗೆ. ಮಹೇಶನ ಹೆಂಡತಿಗೆ ಆಸ್ಪತ್ರೆ ಡ್ಯೂಟಿ, ಅವನೊಬ್ಬನೇ ಬಂದಿದ್ದ. ಊಟದ ಹೊತ್ತು ಯಾರೂ ಆಟದ ಮಾತೆತ್ತಲಿಲ್ಲ. ಕೆಳಗೆ ಹೋದ ಮೇಲೆ ನಿಮ್ಮ ಕುರ್ಚಿಯಲ್ಲಿ ಯಾರು ಕೂರಬೇಕೆಂದು ಇಬ್ಬರೂ ಒದ್ದಾಡಿ, ಕೊನೆಗೆ ಇಬ್ಬರೂ ಸೋಫಾದಲ್ಲಿ ಕೂತರು. ಮಹೇಶ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದ. ನಿಧಾನಕ್ಕೆ ಧ್ವನಿಗಳು ಏರಿದವು. ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತು, ಗೊತ್ತೇ? ಎದುರು ಟೀಮಿನಲ್ಲಿ ಉದ್ದ ಎಸೆತ ತಡೆಯುವ ಹಿಂದಿನ ಸಾಲಿನ ಇಬ್ಬರು ಒಳ್ಳೆಯ ಹುಡುಗರು ಬೇರೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ತೆಗೆದುಕೊಂಡು ಹೊರಟುಹೋಗಿದ್ದರಂತೆ. ಅವರ ಜಾಗದಲ್ಲಿ ಹೊಸಬರು. "ಸಿಂಪಲ್ ಅಣ್ಣ," ಎನ್ನುತ್ತಿದ್ದ ಮಹೇಶ. "ಹಿಂದೆ ಯಾರೂ ಇಲ್ಲ. ಮೊದಲ ಏಟಿಗೇ ಉದ್ದಕ್ಕೆ ಹೊಡೀಬೇಕು. ಆಟ ಪೂರ್ತಿ ಉದ್ದಕ್ಕೇ." ವಿರೂಪಾಕ್ಷಣ್ಣನೂ ಹೂಂಗುಟ್ಟಿದರು.

ಭಜಿಯ ತಟ್ಟೆ ಹಿಡಿದು ಇಳಿದು ಹೋದ ನಾನು ಈ ಸಲ ತಟ್ಟೆ ಇಟ್ಟು ಮೇಲೆ ಬರಲಿಲ್ಲ. "ಉದ್ದಕ್ಕೆ ಬೇಡ. ಅವನ ಎಡಗಾಲು ನೋವಿದೆ," ಎಂದೆ.

ಮಹೇಶ ತಿರುಗಿ ನೋಡಿದ. "ಇಂಜುರಿ ರಿಪೋರ್ಟಲ್ಲಿ ಏನೂ ಇಲ್ವಲ್ಲ ಅಕ್ಕ."

"ರಿಪೋರ್ಟಲ್ಲಿ ಇಲ್ಲ. ಕಾಲಲ್ಲಿ ಇದೆ. ನವೆಂಬರಿನ ಆಟ ಹಾಕು, ತೋರಿಸ್ತೀನಿ."

"ಕೂತ್ಕೊಳ್ಳಿ ಅಕ್ಕ," ಎಂದ, ಬಹಳ ಮೃದುವಾಗಿ. ಆ ಮೃದುತನವೇ ನನಗೆ ಚುಚ್ಚಿದ್ದು. "ಈ ವರ್ಷ ನಿಮಗೆ ಎಷ್ಟು ಕಷ್ಟ ಆಗಿದೆ ಅಂತ ನಮಗೆ ಗೊತ್ತು. ಆದ್ರೆ ಗುರುಗಳು ಏನ್ ಹೇಳ್ತಿದ್ರು ಜ್ಞಾಪಕ ಇಲ್ವಾ? ಬೌಲ್ ಆಟದಲ್ಲಿ ಹೆದರಬಾರದು, ಮೊದಲ ಏಟು ಉದ್ದಕ್ಕೆ ಹೊಡೆದು ಅವರ ಎದೆ ನಡುಗಿಸ್ಬೇಕು ಅಂತ."

"ಹೌದ್ರಿ ವೈನಿ," ಎಂದರು ವಿರೂಪಾಕ್ಷಣ್ಣ. "ಪ್ರಭು ಇದ್ದಿದ್ರ ನಿಮ್ಮ ಮಾತು ಒಪ್ತಿರಲಿಲ್ಲ ನೋಡ್ರಿ."

ಆರು ವರ್ಷದ ಹಿಂದೆ, ಒಲೆಯ ಮುಂದೆ, ಕೈಯಲ್ಲಿ ಜಾಲರಿ ಹಿಡಿದು ನಾನು ನಿಮಗೆ ಹೇಳಿದ ಮಾತು ಅದು. ಆಗಿನ ಹುಡುಗನ ಕಾಲು ಗಟ್ಟಿಯಿತ್ತು, ಅದಕ್ಕೆ ಹೇಳಿದ್ದೆ. ನನ್ನ ಮಾತನ್ನೇ ಎತ್ತಿ ನನ್ನ ಬಾಯಿ ಮುಚ್ಚಿಸುತ್ತಿದ್ದರು, ಅದೂ ಪ್ರೀತಿಯಿಂದ. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಇನ್ನೊಂದು ಭಜಿ ತೆಗೆದುಕೊಳ್ಳುತ್ತಿದ್ದಿರಾ? ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ.

"ಆ ಮಾತು ಅವರದಲ್ಲ," ಎಂದೆ. "ನಂದು. ತೊಂಬತ್ತೆರಡನೇ ನಂಬರಿಂದ ಹಿಡಿದು ಇಲ್ಲಿತನಕ ನೀವು ಗುರುಗಳ ಮಾತು ಅಂತ ಕೇಳಿದ್ದೆಲ್ಲ ನಂದು. ಅವರು ನೀರು ಕುಡಿಯೋಕೆ ಮೇಲೆ ಬರ್ತಿದ್ರಲ್ಲ, ಆಗ ಹೇಳ್ತಿದ್ದೆ."

ಟಿವಿಯಲ್ಲಿ ಹುಡುಗರು ಓಡುತ್ತಲೇ ಇದ್ದರು. ವಿರೂಪಾಕ್ಷಣ್ಣನ ಮುಖ ಕೆಂಪಾಯಿತು. "ಹೋದವನ ಮ್ಯಾಲೆ ಹಿಂಗ ಅನಬಾರದ್ರಿ ವೈನಿ. ಅಂವ ಇಲ್ಲೆ ಇಲ್ಲ ಉತ್ತರಾ ಕೊಡಾಕ," ಎಂದು ಎದ್ದುಬಿಟ್ಟರು. ಆಗ ಮೆಟ್ಟಿಲ ಮೇಲಿಂದ ಸುನಂದಕ್ಕ, ಕೈ ಒರೆಸಿಕೊಳ್ಳುತ್ತ, "ಖರೇ ಹೇಳ್ಯಾಳ ಆಕಿ. ನಾ ಅಲ್ಲೇ ಒಲಿ ಮುಂದ ಇರತಿದ್ನಲ್ಲಾ, ಎಲ್ಲಾ ಕೇಳೀನಿ," ಎಂದರು. "ನಿನಗ ಗೊತ್ತಿತ್ತೇನ? ಇಷ್ಟ ವರ್ಷ?" ಎಂದು ಅಣ್ಣ ಗುಡುಗಿದರು. "ನೀವು ಕೇಳಿದ್ರೇನು?" ಎಂದರು ಅಕ್ಕ. ವಿರೂಪಾಕ್ಷಣ್ಣ ಸುನಂದಕ್ಕನ ಪಕ್ಕದಿಂದಲೇ ಮೆಟ್ಟಿಲು ಹತ್ತಿ, ಗ್ಯಾರೇಜಿನ ಬಾಗಿಲು ತೆಗೆದು ಹೊರಟುಹೋದರು.

ಕಾರು ಸ್ಟಾರ್ಟ್ ಮಾಡುತ್ತಾರೇನೋ ಎಂದು ನಾನು ಅವರ ಕೋಟು ಹಿಡಿದು ಹಿಂದೆಯೇ ಹೋದೆ. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ನಿಮ್ಮ ಹಿಮ ಎತ್ತುವ ಸಲಿಕೆಯ ಪಕ್ಕದಲ್ಲಿ, ಬರಿಯ ಶರಟಿನಲ್ಲಿ ನಿಂತಿದ್ದರು. ಕೋಟು ಹೊದಿಸಿದೆ, ಬೇಡ ಅನ್ನಲಿಲ್ಲ. "ಹಂಗಾರ ಅಂವ ನನಗ ಸುಳ್ಳು ಹೇಳಿದ್ನೇನ್ರಿ? ಮೂವತ್ತು ವರ್ಷದ ಗೆಳೆಯಾ ನಾ," ಎಂದು ಕೇಳಿದರು. ಅವರ ಸಿಟ್ಟು ನನ್ನ ಮೇಲಲ್ಲ ಎಂದು ಆಗ ತಿಳಿಯಿತು.

ನಾನು ಅವರಿಗೆ ಕೆಲಸ ಹೋದ ವರ್ಷದ ಕತೆ ಹೇಳಿದೆ. ನೀವು ಅವರಿಗೆ ಅದನ್ನೂ ಹೇಳಿರಲಿಲ್ಲವಂತೆ! ರಜೆ ಹಾಕಿದ್ದೀನಿ ಅಂದಿದ್ದಿರಂತೆ. ಏಳು ತಿಂಗಳ ರಜೆಯೇ? "ಮಹೇಶ ಗುರುಗಳು ಅಂದ ದಿನ ಅವರ ಮುಖ ನೋಡಬೇಕಿತ್ತು ಅಣ್ಣ," ಎಂದೆ. "ಆ ವರ್ಷ ಅವರನ್ನ ಎಬ್ಬಿಸಿ ನಿಲ್ಲಿಸಿದ್ದು ಅದೇ ಮಾತು. ಆಮೇಲೆ ಬಿಟ್ಟುಕೊಡೋಕೆ ಅವರಿಗೆ ಧೈರ್ಯ ಸಾಲಲಿಲ್ಲ. ನಾನೂ ಬಾಯಿಬಿಟ್ಟು ಕೇಳಿದ್ದು ಒಂದೇ ಸಲ. ಸುಳ್ಳು ಅಂದರೆ ನಮ್ಮಿಬ್ಬರದೂ ಸುಳ್ಳೇ." ವಿರೂಪಾಕ್ಷಣ್ಣ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡರು. ಒಮ್ಮೆ ಜೋರಾಗಿ ನಕ್ಕರು. "ಹುಚ್ಚ! ಕೆಲಸಾ ಹೋತು ಅಂತ ನನಗ ಒಂದು ಮಾತು ಹೇಳಿದ್ರ ನಾ ಏನ್ ಬ್ಯಾರೆ ತಿಳಕೋತಿದ್ನೇನು?" ಎಂದರು. ಆ ಹುಚ್ಚ ಎಂಬ ಮಾತು ನಿಮಗೆ ತಲುಪಲಿ ಎಂದೇ ಬರೆಯುತ್ತಿದ್ದೇನೆ. ಅಷ್ಟು ಪ್ರೀತಿಯಿಂದ ನಿಮ್ಮನ್ನು ಯಾರೂ ಬೈದದ್ದು ನಾನು ಕೇಳಿಲ್ಲ.

ಮತ್ತೆ ಕೆಳಗಿಳಿದಾಗ ಮಹೇಶ ಟಿವಿಯಲ್ಲಿ ನವೆಂಬರಿನ ಆಟ ಹಾಕಿ, ಆಟ ನಿಂತ ಹೊತ್ತಿನ ತುಣುಕುಗಳನ್ನು ಹಿಂದೆ ಮುಂದೆ ಓಡಿಸಿಕೊಂಡು ನೋಡುತ್ತಿದ್ದ. ನನ್ನ ಕಡೆ ತಿರುಗದೆ, "ಅಕ್ಕ… ಹಿಮ್ಮಡಿ ಊರ್ತಿಲ್ಲ," ಎಂದ. "ಸಾರಿ ಅಕ್ಕ." ವಿರೂಪಾಕ್ಷಣ್ಣ ಸೋಫಾದಲ್ಲಿ ಕೂತು ಕೋಟು ತೆಗೆಯದೆಯೇ, "ಆತು, ಹಂಗಾರ ನಮ್ಮವ್ರು ಏನ್ ಮಾಡಬೇಕು? ಹೇಳ್ರಿ," ಎಂದರು. ನಾನು ನಿಮ್ಮ ಕುರ್ಚಿ ಎಳೆದು ಕೂತೆ. ಅದು ನನಗೆ ಸ್ವಲ್ಪ ಎತ್ತರ, ಕಾಲು ಪೂರ್ತಿ ಊರುವುದಿಲ್ಲ, ಆದರೂ ಕೂತೆ.

ಕ್ಯಾರಮ್ ಬೋರ್ಡಿನ ಮೇಲೆ ಬಿಳಿ ಕಾಯಿ ನಮ್ಮವರು, ಕಪ್ಪು ಕಾಯಿ ಅವರು ಎಂದು ಜೋಡಿಸಿದೆ. ಚೆಂಡು ಕೈಗೆ ಬಂದೊಡನೆ, ಒಂದೆರಡು ಹೆಜ್ಜೆಯೊಳಗೆ, ಐದಾರು ಗಜದ ಗಿಡ್ಡ ಎಸೆತ ಎಸೆಯಬೇಕು. ಆಗ ಎಡಗಾಲಿನ ಮೇಲೆ ಭಾರ ಬೀಳುವುದಿಲ್ಲ. ನಮ್ಮ ಎತ್ತರದ ಹುಡುಗ ಸುಮ್ಮನೆ ಉದ್ದಕ್ಕೆ ಓಡುತ್ತಿರಲಿ, ಚೆಂಡು ಅವನಿಗೆ ಹೋಗುವುದಿಲ್ಲ. ಆದರೆ ಅವರ ಹಿಂದಿನ ಸಾಲಿನ ಹೊಸಬರು ಹೆದರಿ ಅವನ ಹಿಂದೆ ಓಡುತ್ತಾರೆ, ನಡುವೆ ಜಾಗ ಸಿಗುತ್ತದೆ. ಆ ಜಾಗಕ್ಕೆ ಓಟ. "ಮೂರು ಗಜ, ನಾಲ್ಕು ಗಜ, ಮತ್ತೆ ಮೂರು. ಬೋರು ಹೊಡೆಸಿ ಗೆಲ್ಲಬೇಕು," ಎಂದೆ. ಮಹೇಶ ತಕರಾರು ತೆಗೆದ. ಹಿಂದೆ ಬಿದ್ದರೆ ಏನು ಮಾಡೋದು, ಕೊನೆಯ ನಿಮಿಷದಲ್ಲಿ ಉದ್ದಕ್ಕೆ ಎಸೆಯಲೇಬೇಕಾಗಿ ಬಂದರೆ? "ಆಗ ಗಿಡ್ಡಕ್ಕೆ ಬೀಳುತ್ತೆ," ಎಂದೆ. "ಅದಕ್ಕೇ ಹಿಂದೆ ಬೀಳಬಾರದು." ಒಂದೂವರೆ ಗಂಟೆ ವಾದ ಮಾಡಿದೆವು. ನನ್ನ ಮಾತನ್ನು ಕತ್ತರಿಸಿದರು, ನಾನೂ ಅವರ ಮಾತನ್ನು ಕತ್ತರಿಸಿದೆ. ಮೇಲಿನಿಂದ ಸುನಂದಕ್ಕ, "ಭಜಿ ಹಿಟ್ಟು ಉಳದದ, ಯಾರಿಗೆ ಬೇಕೋ ಅವ್ರ ಬಂದು ಕರಕೋರಿ!" ಎಂದು ಕೂಗಿದಾಗ ಮಹೇಶನೇ ಎದ್ದು ಹೋದ. ಒಂದು ಕಡೆ ಹಸಿಯಾಗಿಯೇ ಉಳಿದಿದ್ದ ಭಜಿಗಳನ್ನು ಎಲ್ಲರೂ ಮರುಮಾತಿಲ್ಲದೆ ತಿಂದೆವು.

ಬೌಲ್ ಆಟದ ದಿನ ಎಲ್ಲರೂ ಅವರವರ ಮನೆಯಲ್ಲಿ, ಫೋನಿನ ಗ್ರೂಪಿನಲ್ಲಿ ಮಾತ್ರ ಒಟ್ಟಿಗೆ. ಮೊದಲ ಎಸೆತ ಗಿಡ್ಡ. ಎರಡನೆಯದು ಓಟ. ಮೂರನೆಯದು ಮತ್ತೆ ಗಿಡ್ಡ. ಟಿವಿಯವರಿಗೆ ತಲೆಬುಡ ತಿಳಿಯಲಿಲ್ಲ. ಹಿಂದಿನ ಸಾಲು ಅಷ್ಟು ದುರ್ಬಲವಾಗಿದ್ದರೂ ಯಾಕೆ ಉದ್ದಕ್ಕೆ ಹೊಡೆಯುತ್ತಿಲ್ಲ ಎಂದು ಮತ್ತೆ ಮತ್ತೆ ಕೇಳಿದರು. ಮಹೇಶ ಗ್ರೂಪಿನಲ್ಲಿ ಬರೆದ: "ಅಕ್ಕಾ!!" ಅಷ್ಟೇ. ಅರ್ಧ ಆಟ ಮುಗಿದಾಗ ನಮ್ಮವರು ಹತ್ತು ಪಾಯಿಂಟು ಮುಂದೆ. ಆಗ ಮೈದಾನದ ಅಂಚಿನಲ್ಲಿ ನಿಂತ ವರದಿಗಾರ್ತಿ ಹೇಳಿದಳು, ಹುಡುಗ ತಿಂಗಳಿನಿಂದ ಎಡ ಕಣಕಾಲು ಉಳುಕಿಸಿಕೊಂಡೇ ಆಡುತ್ತಿದ್ದಾನೆ, ಟೀಮಿನವರು ಗುಟ್ಟಾಗಿ ಇಟ್ಟಿದ್ದರು ಎಂದು. ವಿರೂಪಾಕ್ಷಣ್ಣ ಫೋನು ಮಾಡಿ, ವೈನಿ, ವೈನಿ ಎಂದಷ್ಟೇ ಕೂಗಿದರು. ಹಿಂದಿನಿಂದ ಸುನಂದಕ್ಕನ ನಗು ಕೇಳಿಸುತ್ತಿತ್ತು. ನಾನು ಒಬ್ಬಳೇ ಕೂತು ನಿಮ್ಮ ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅಳುತ್ತಿದ್ದೆ ಅಂದುಕೊಳ್ಳಬೇಡಿ. ಹೆಮ್ಮೆಯಾಗಿತ್ತು ನನಗೆ.

ಆದರೆ ಸೋತೆವು. ಕೊನೆಯ ಭಾಗದಲ್ಲಿ ಅವರು ಏಳೇಳು ಪಾಯಿಂಟಿನ ಎರಡು ಟಚ್‌ಡೌನ್ ಹೊಡೆದು ನಾಲ್ಕು ಪಾಯಿಂಟು ಮುಂದಾದರು. ಗಡಿಯಾರದಲ್ಲಿ ಒಂಬತ್ತು ಸೆಕೆಂಡು, ಐವತ್ತು ಗಜ ದೂರ. ಎಸೆಯದೆ ದಾರಿಯಿರಲಿಲ್ಲ. ಹುಡುಗ ಹಿಂದೆ ಸರಿದ, ಎಡಗಾಲು ಮುಂದಿಟ್ಟ. ನನ್ನ ಜೀವನದಲ್ಲಿ ಮೊದಲ ಸಲ, ನನ್ನ ಮಾತು ಸುಳ್ಳಾಗಲಿ ದೇವರೇ ಎಂದು ಕೈಮುಗಿದೆ. ಚೆಂಡು ಆರು ಗಜ ಮೊದಲೇ ಬಿತ್ತು. ಆ ಹುಡುಗ ಅಲ್ಲೇ ಕೂತುಬಿಟ್ಟ. ನಾನು ಟಿವಿ ಆರಿಸದೆ, ಅವನು ಎದ್ದು ನಡೆದು ಹೋಗುವ ತನಕ ನೋಡಿದೆ. ಆ ಕಾಲಿಗೆ ಆರು ವಾರ ವಿಶ್ರಾಂತಿ ಬೇಕು, ಆಮೇಲೆ ಸರಿಹೋಗುತ್ತದೆ. ಮುಂದಿನ ವರ್ಷ ಅವನು ಉದ್ದಕ್ಕೆ ಎಸೆಯುತ್ತಾನೆ, ಬರೆದಿಟ್ಟುಕೊಳ್ಳಿ.

ನಿಮ್ಮ ಮೇಲೆ ನನಗೆ ಸಿಟ್ಟು ಇದೆಯೇ? ಇತ್ತು. ನೀವು ಹೋದ ಮೇಲೂ ಸ್ವಲ್ಪ ಇತ್ತು. ಗ್ಯಾರೇಜಿನಲ್ಲಿ ವಿರೂಪಾಕ್ಷಣ್ಣನಿಗೆ ನಿಮ್ಮ ಪರವಾಗಿ ಮಾತಾಡುವಾಗ ಅದರಲ್ಲಿ ಬಹಳಷ್ಟು ಇಳಿದುಹೋಯಿತು. ಉಳಿದದ್ದು ನಿಮ್ಮ ಎದುರಿಗೇ ಜಗಳವಾಡಿ ತೀರಿಸಿಕೊಳ್ಳಬೇಕಾದದ್ದು, ಅದಕ್ಕೆ ನೀವೇ… ಹೋಗಲಿ ಬಿಡಿ. ನೀವು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸದೆ ಇದ್ದಿದ್ದರೆ ನಾನು ಈ ಆಟದ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಅದನ್ನೂ ಪಂಚಾಯ್ತಿಯಲ್ಲಿ ಹೇಳಿದ್ದೇನೆ.

ಈಗ ಹೊಸ ಸಮಾಚಾರ. ಆಟ ಮುಗಿದು ವಾರವಾಗಿತ್ತು, ಮಹೇಶ ಫೋನು ಮಾಡಿದ. ಅವನ ಮಗಳು ಅನಿಕಾ ಓದುವ ಹೈಸ್ಕೂಲಿನಲ್ಲಿ ಹುಡುಗಿಯರದೇ ಫ್ಲ್ಯಾಗ್ ಫುಟ್‌ಬಾಲ್ ಟೀಮು ಇದೆಯಂತೆ. ಇದರಲ್ಲಿ ಯಾರನ್ನೂ ಕೆಡವುವುದಿಲ್ಲ, ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತುಕೊಂಡರೆ ಆಯಿತು. ಎಸೆಯುವುದು, ಓಡುವುದು ಕಲಿಸಲು ಅವರಿಗೆ ಒಬ್ಬರು ಸಹಾಯಕ ಕೋಚ್ ಬೇಕಾಗಿತ್ತು. "ನಿಮ್ಮ ಹೆಸರು ಕೊಡ್ಲಾ ಅಕ್ಕ? ನೀವು ಯೋಚನೆ ಮಾಡಿ ನಿಧಾನಕ್ಕೆ ಹೇಳಿ," ಎಂದ. "ಯೋಚನೆ ಏನು, ಕೊಡು," ಎಂದೆ. ಹೋಗಿ ಮಾತಾಡಿ ಬಂದೆ. ಮುಖ್ಯ ಕೋಚ್ ನನ್ನ ಅರ್ಧ ವಯಸ್ಸಿನ ಹೆಣ್ಣುಮಗಳು. ಎಷ್ಟು ವರ್ಷದ ಅನುಭವ ಎಂದು ಕೇಳಿದಳು. ಆ ಮೊದಲ ಡಿಸೆಂಬರಿನಿಂದ ಲೆಕ್ಕ ಹಾಕಿ ಇಪ್ಪತ್ತಾರು ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ. ಕ್ಲಿನಿಕ್ಕಿನಲ್ಲಿ ಮಂಗಳವಾರ, ಗುರುವಾರ ಮೂರೂವರೆಗೇ ಹೊರಡುವುದಾಗಿ ಹೇಳಿಯಾಗಿದೆ.

ಬರುವ ಮಂಗಳವಾರ ನಾಲ್ಕು ಗಂಟೆಗೆ ಶಾಲೆಯ ಜಿಮ್‌ನಲ್ಲಿ ಹದಿನೆಂಟು ಹುಡುಗಿಯರು ಕಾದಿರುತ್ತಾರೆ. ಅವರ ಹಳೆಯ ಆಟಗಳನ್ನೆಲ್ಲ ನೋಡಿ ಮುಗಿಸಿದ್ದೇನೆ. ಮೊದಲ ಪಂದ್ಯದ ಮೊದಲ ಏಟು ಏನಿರಬೇಕೆಂದು ತೀರ್ಮಾನವೂ ಆಗಿದೆ. ಏನು ಎಂದು ಕೇಳಬೇಡಿ. ಈ ಸಲ ನಿಮಗೂ ಹೇಳುವುದಿಲ್ಲ. ಆ ಹುಡುಗಿಯರು ಅದನ್ನು ನನ್ನ ಬಾಯಿಂದಲೇ ಮೊದಲು ಕೇಳಲಿ.

ನಿಮ್ಮ
ಶೈಲಾ